ಹಾಲಿನ ಸೈಕಲ್ಲು: ಸವೆದ ರಿಮ್ಮಿಗೆ ಏನು ಮಾಡಬೇಕು?



ಮನೆಯಲ್ಲಿ ಮೋಟಾರ್ ಬೈಕ್ ಇದ್ದರೂ ಸಂಘಕ್ಕೆ ಹಾಲು ಒಯ್ಯಲು ಹಳೆಯ ಸೈಕಲ್ಲನ್ನೇ ನಂಬಿದವರು ನಮ್ಮಲ್ಲಿದ್ದಾರೆ. ಸಿಂಧನೂರಿನ ನಾಲೆ ಬದಿಯ ಕೆಸರು, ಮಸ್ಕಿ, ಲಿಂಗಸುಗೂರು ಕಡೆಯ ಎರೆ ಮಣ್ಣು ಗಾಲಿಗೆ ಮೆತ್ತಿಕೊಳ್ಳುತ್ತದೆ. ಅದರಡಿ ತೇವ ನಿಂತು ಉಕ್ಕಿನ ರಿಮ್ಮಿಗೆ ತುಕ್ಕು ಹಿಡಿಯುತ್ತದೆ. ಒಂದು ಲೀಟರ್ ಹಾಲಿನ ತೂಕ ಸುಮಾರು 1.03 ಕಿಲೋ. 20 ಲೀಟರ್ ಹಾಲು, ಕ್ಯಾನು, ಸವಾರ ಸೇರಿದರೆ ಹೆಚ್ಚಿನ ಭಾರ ಹಿಂದಿನ ಗಾಲಿಯ ಮೇಲೆ ಬೀಳುತ್ತದೆ. ದಾರಿಯಲ್ಲಿ ರಿಮ್ಮು ಮುರಿದರೆ ಆ ಹೊತ್ತಿನ ಹಾಲೂ ಹೋಯಿತು, ಕೈಕಾಲಿಗೂ ಪೆಟ್ಟು. ಆದ್ದರಿಂದ ಹಿಂದಿನ ಗಾಲಿಯನ್ನೇ ಮೊದಲು ನೋಡಿ.

ಪರೀಕ್ಷೆ ಮಾಡುವ ಕ್ರಮ

1. ಸೈಕಲ್ಲನ್ನು ಗೋಣಿಚೀಲದ ಮೇಲೆ ತಲೆಕೆಳಗಾಗಿ ನಿಲ್ಲಿಸಿ ಗಾಲಿ ತಿರುಗಿಸಿ. ರಿಮ್ಮು ಅತ್ತಿತ್ತ ಓಲಾಡುವ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ.

2. ಟಯರು, ಟ್ಯೂಬು ಬಿಚ್ಚಿ ಕಡ್ಡಿಗಳ ತೂತುಗಳನ್ನು ನೋಡಿ. ತೂತು ಅಗಲವಾಗಿದೆಯೇ? ಸುತ್ತ ಕೂದಲೆಳೆಯಂಥ ಬಿರುಕಿದೆಯೇ?

3. ಬ್ರೇಕ್ ರಬ್ಬರ್ ತಾಗುವ ಕಡೆ ಬೆರಳಾಡಿಸಿ. ಗುಂಡಿ ಬಿದ್ದು ತಗಡು ತೆಳುವಾಗಿದೆಯೇ?

ನೀವೇ ಮಾಡಬಹುದಾದ ರಿಪೇರಿ

ರಿಮ್ಮು ಬಲಕ್ಕೆ ವಾಲಿದ್ದರೆ ಆ ಜಾಗದ ಎಡಬದಿಯ ಕಡ್ಡಿಗಳನ್ನು ಬಿಗಿ ಮಾಡಿ, ಬಲಬದಿಯವನ್ನು ಸಡಿಲಿಸಿ. ಒಂದು ಸಲಕ್ಕೆ ನಿಪ್ಪಲ್ ಕಾಲು ಸುತ್ತು ಮಾತ್ರ ತಿರುಗಿಸಿ, ಗಾಲಿ ಸುತ್ತಿ ನೋಡಿ, ಮತ್ತೆ ತಿರುಗಿಸಿ. ಅವಸರ ಬೇಡ. ಕಡ್ಡಿಯ ತುದಿ ಒಳಗೆ ಚಾಚಿದರೆ ಅರದಿಂದ ಉಜ್ಜಿ ಮಟ್ಟ ಮಾಡಿ. ಇಲ್ಲವಾದರೆ ಟ್ಯೂಬು ಪಂಕ್ಚರ್ ಆಗುತ್ತದೆ.

ಮೇಲ್ಮೈ ತುಕ್ಕನ್ನು ಮರಳು ಕಾಗದದಿಂದ ತಿಕ್ಕಿ ಒರೆಸಿ. ಟ್ಯೂಬು ಕೂಡುವ ಒಳಭಾಗಕ್ಕೆ ರೆಡ್ ಆಕ್ಸೈಡ್ ಬಳಿದು, ಪೂರ್ತಿ ಒಣಗಿದ ಮೇಲೆ ಕಡ್ಡಿಗಳ ತಲೆ ಮುಚ್ಚುವಂತೆ ಹಳೆ ಟ್ಯೂಬಿನ ಪಟ್ಟಿ ಸುತ್ತಿ. ಬ್ರೇಕ್ ತಾಗುವ ಜಾಗಕ್ಕೆ ಬಣ್ಣವನ್ನಾಗಲಿ ಎಣ್ಣೆಯನ್ನಾಗಲಿ ಹಚ್ಚಬೇಡಿ.

ರಿಮ್ಮು ಬದಲಿಸಲೇಬೇಕಾದಾಗ

ಬಿರುಕು, ಅಗಲವಾದ ತೂತು, ತೆಳುವಾದ ತಗಡು ಕಂಡರೆ ರಿಪೇರಿಯ ಮಾತು ಬೇಡ. ವೆಲ್ಡಿಂಗ್ ಮಾಡಿಸಿದ ರಿಮ್ಮಿನ ಮೇಲೆ ಹಾಲಿನ ಭಾರ ಹೇರಬೇಡಿ. ಅಂಗಡಿಗೆ ಹಳೆಯ ರಿಮ್ಮನ್ನೇ ಒಯ್ದು ಅಳತೆ, ತೂತುಗಳ ಲೆಕ್ಕ ಎರಡನ್ನೂ ಹೊಂದಿಸಿ ತನ್ನಿ. ಹಳೆಯ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಮುಂದೆ 32, ಹಿಂದೆ 40 ಕಡ್ಡಿ ಇರುತ್ತವೆ. ಹಬ್ಬು ಗಟ್ಟಿಯಿದ್ದರೆ ಅದನ್ನೇ ಬಳಸಬಹುದು. ವಾರ ಕಳೆದ ಮೇಲೆ ಕಡ್ಡಿಗಳ ಬಿಗಿ ಮತ್ತೊಮ್ಮೆ ನೋಡಿ.

ನೆನಪಿಡಿ: ಹಾಲಿನ ಭಾರವನ್ನು ಎರಡೂ ಬದಿಗೆ ಸಮನಾಗಿ ಹಂಚಿ. ಮನೆಗೆ ಬಂದ ಕೂಡಲೇ ಗಾಲಿಯ ಮಣ್ಣು ತೊಳೆದು ಒರೆಸಿ. ರಿಮ್ಮು ಒದ್ದೆಯಿದ್ದಾಗ ಬ್ರೇಕು ಸರಿಯಾಗಿ ಹಿಡಿಯುವುದಿಲ್ಲ. ಮಳೆಯಲ್ಲಿ ನಿಧಾನವಾಗಿ ಬನ್ನಿ.