ಕೈಪಿಡಿಯ ಭಾಷೆ: ಪಿಟ್ರೇಸ್ ಪುಟದ ತಿದ್ದುಪಡಿ

ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸೂತ್ರಗಳನ್ನು ಕಂದಪದ್ಯಗಳಲ್ಲಿ ಹೇಳಿ, ವೃತ್ತಿಯನ್ನೂ ತಾನೇ ಬರೆದು, ಪ್ರಯೋಗಗಳನ್ನು ಒದಗಿಸಿದನು. ಸೂತ್ರವೆಷ್ಟೇ ನಿರ್ದುಷ್ಟವಾಗಿರಲಿ, ವೃತ್ತಿಯಲ್ಲಿ ಒಂದು ಸಂಜ್ಞೆ ಸಡಿಲವಾದರೆ ಓದುಗನು ದಾರಿ ತಪ್ಪುತ್ತಾನೆ. ಗಣಕಯಂತ್ರದ ಕೈಪಿಡಿಗಳಿಗೂ ಈ ಮಾತು ಸಲ್ಲುತ್ತದೆ. ಲಿನಕ್ಸ್ ವ್ಯವಸ್ಥೆಯ ‘ಪಿಟ್ರೇಸ್’ ಎಂಬ ಸಿಸ್ಟಂ ಕಾಲ್‌ನ ಪುಟವೇ ಇದಕ್ಕೆ ನಿದರ್ಶನ. ಭದ್ರಾವತಿಯ ಹಳೇನಗರದಿಂದ ಹೋಗಿ ಗಣಕವೃತ್ತಿ ಹಿಡಿದಿರುವ ಹಳೆಯ ವಿದ್ಯಾರ್ಥಿಗಳಿಗೆ ಇದು ಹೊಸದಲ್ಲ. ಅಧ್ಯಾಪಕ ಬಂಧುಗಳಿಗಾಗಿ ಬರೆಯುತ್ತಿದ್ದೇನೆ.

ನಡೆಯುತ್ತಿರುವ ಪ್ರೋಗ್ರಾಮಿಗೆ ‘ಪ್ರಕ್ರಿಯೆ’ ಎಂದು ಹೆಸರು. ಒಂದು ಪ್ರಕ್ರಿಯೆಯು ಮತ್ತೊಂದನ್ನು ತಡೆದು ನಿಲ್ಲಿಸಿ, ಅದರ ಸ್ಮೃತಿಕೋಶವನ್ನು ಓದಲು, ತಿದ್ದಲು ಸಾಧನವಾದುದೇ ಪಿಟ್ರೇಸ್. ದೋಷ ಹುಡುಕುವ ಜಿಡಿಬಿ, ಎಸ್‌ಟ್ರೇಸ್‌ಗಳು ಇದನ್ನೇ ಆಶ್ರಯಿಸಿವೆ. ಹಳೆಯ ಪುಟವು ಹಿಡಿಯುವುದನ್ನು ‘ಪೇರೆಂಟ್’ ಎಂದೂ ಹಿಡಿಯಲ್ಪಡುವುದನ್ನು ‘ಚೈಲ್ಡ್’ ಎಂದೂ ಕರೆದಿತ್ತು. ಆದರೆ ಬೇರೊಂದಕ್ಕೆ ಹುಟ್ಟಿ ಈಗಾಗಲೇ ನಡೆಯುತ್ತಿರುವ ಪ್ರಕ್ರಿಯೆಯನ್ನೂ ಹಿಡಿಯಬಹುದಷ್ಟೆ! ಆಗ ಹಿಡಿದುದೇ ಬಹುಮಟ್ಟಿಗೆ ಜನಕವಾಗುವುದೆಂದೂ, ಶಿಶುವು ತನ್ನ ಜನಕ ಯಾರೆಂದು ವಿಚಾರಿಸಿದಾಗ ಮಾತ್ರ ಮೊದಲಿನ ಜನಕದ ಸಂಖ್ಯೆಯೇ ದೊರೆಯುವುದೆಂದೂ ಆ ಪುಟವು ಸಮಜಾಯಿಷಿ ಕೊಡಬೇಕಾಯಿತು. ಒಂದು ಕೂಸಿಗೆ ಇಬ್ಬರು ತಂದೆಯರು! ಸಂಜ್ಞೆಯನ್ನು ಅಸ್ಥಾನದಲ್ಲಿ ಇಟ್ಟರೆ ವೃತ್ತಿಕಾರನಿಗೆ ಒದಗುವ ಸಂಕಟವಿದು.

2011ರ ಸುಮಾರಿಗೆ, ಮೈಕೇಲ್ ಕೆರಿಸ್ಕ್ ಅವರು ಈ ಕೈಪಿಡಿಯನ್ನು ನೋಡಿಕೊಳ್ಳುತ್ತಿದ್ದಾಗ, ಡೆನಿಸ್ ವ್ಲಾಸೆಂಕೊ ಅವರು ಒದಗಿಸಿದ ವಿವರಗಳಿಂದ ಪುಟವು ಬಹಳ ಬೆಳೆಯಿತು. ‘ಟ್ರೇಸರ್’, ‘ಟ್ರೇಸೀ’ ಎಂಬ ಜೋಡಿ ನೆಲೆಗೊಂಡಿತು. ಹಿಡಿತವು ಇಡೀ ಪ್ರಕ್ರಿಯೆಗಲ್ಲ, ಅದರೊಳಗಿನ ಒಂದೊಂದು ಥ್ರೆಡ್ಡಿಗೂ ಪ್ರತ್ಯೇಕ ಎಂಬುದೂ ಸ್ಪಷ್ಟವಾಯಿತು.

ಮತ್ತೊಂದು ಸೂಕ್ಷ್ಮವಿದೆ. ‘ಅಟ್ಯಾಚ್’ ಎಂಬ ಆಜ್ಞೆಯು ನಿಲ್ಲುವ ಸಂಕೇತವನ್ನು ಕಳುಹಿಸುತ್ತದೆ. ಆಜ್ಞೆ ಮುಗಿದೊಡನೆ ಎದುರಿನದು ನಿಂತಿರಲೇಬೇಕೆಂದಿಲ್ಲ. ‘ವೇಟ್‌ಪಿಡ್’ ಮೂಲಕ ಕಾದು ತಿಳಿಯಬೇಕು. ಕಾಯದೆ ಕೈಹಾಕಿದವನಿಗೆ ‘ಅಂತಹ ಪ್ರಕ್ರಿಯೆಯೇ ಇಲ್ಲ’ ಎಂಬ ಉತ್ತರ ಬಂದೀತು. ಪ್ರಕ್ರಿಯೆ ಇದೆ, ನಿಂತಿಲ್ಲ, ಅಷ್ಟೇ! ಆ ದೋಷಸಂಕೇತಕ್ಕೆ ಇಂತಹ ಅರ್ಥವೂ ಉಂಟೆಂದು ಪುಟವು ಬಿಡಿಸಿ ಹೇಳದಿದ್ದರೆ, ಇಲ್ಲದ ತಪ್ಪನ್ನು ಹುಡುಕುತ್ತ ಇರುಳು ಕಳೆಯಬೇಕಾದೀತು. 2012ರಲ್ಲಿ 3.4ನೆಯ ಆವೃತ್ತಿಯೊಡನೆ ಬಂದ ‘ಸೀಜ್’ ಆಜ್ಞೆಯಾದರೋ ನಿಲ್ಲಿಸದೆಯೇ ಹಿಡಿಯುತ್ತದೆ.

ಕನ್ನಡದಲ್ಲಿ ಇದನ್ನು ಬೋಧಿಸುವವರು ‘ಶೋಧಕ’, ‘ಶೋಧಿತ’ ಎಂದು ಬಳಸಬಹುದು. ಕರ್ತೃವೂ ಕರ್ಮವೂ ಪ್ರತ್ಯಯದಲ್ಲೇ ತಿಳಿಯುತ್ತವೆ. ಜನಕ, ಶಿಶು ಎಂಬ ಪದಗಳು ಹುಟ್ಟಿನ ಸಂಬಂಧಕ್ಕೇ ಮೀಸಲಾಗಿರಲಿ. ಥ್ರೆಡ್ಡಿಗೆ ‘ಎಳೆ’ ಎಂಬ ಅಚ್ಚಗನ್ನಡ ಪದವೇ ಸಾಕು; ಸಂಸ್ಕೃತ ಪದವನ್ನು ಹುಡುಕುವ ಅಗತ್ಯವನ್ನು ನಾನು ಕಾಣೆ.