ಮುಪ್ಪಿಗೆ ವ್ಯಾಯಾಮವೇ ಊರುಗೋಲು

1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನ ಸತ್ತರು. ಮರುವರ್ಷ ನಿಜಾಮರ ಸರಕಾರ ಕರೆಸಿಕೊಂಡದ್ದು ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನು. ಅವರ ಯೋಜನೆಯ ಫಲವಾಗಿ 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಸಿದ್ಧವಾದವು. ಇದು ವಾಚಕರಿಗೆಲ್ಲ ತಿಳಿದ ಸಂಗತಿ. ನಾವು ಅಷ್ಟಾಗಿ ಗಮನಿಸದ ಸಂಗತಿ ಇನ್ನೊಂದುಂಟು. ಇಲ್ಲಿಗೆ ಬರುವ ಮೊದಲೇ ಅವರು ಮುಂಬಯಿ ಸರಕಾರದ ನೌಕರಿಯಿಂದ ನಿವೃತ್ತರಾಗಿದ್ದರು. ಆಮೇಲೂ ಐವತ್ತಕ್ಕೂ ಹೆಚ್ಚು ವರ್ಷ ಬಾಳಿದರು. ತೊಂಬತ್ತರ ವಯಸ್ಸಿನಲ್ಲಿಯೂ ಗಂಗಾನದಿಗೆ ಸೇತುವೆ ಎಲ್ಲಿ ಕಟ್ಟಬೇಕೆಂಬ ಬಗ್ಗೆ ಸಲಹೆ ಕೊಟ್ಟರು. 1962ರಲ್ಲಿ ತೀರಿಕೊಂಡಾಗ ಅವರಿಗೆ ನೂರು ತುಂಬಿತ್ತು. ತಪ್ಪದ ನಡಿಗೆ, ಮಿತವಾದ ಊಟ, ಹೊತ್ತಿಗೆ ಸರಿಯಾದ ದಿನಚರಿ, ಇವು ಅವರ ವ್ರತಗಳಾಗಿದ್ದವು.

ನೂರು ವರ್ಷ ಎಲ್ಲರ ಹಣೆಯಲ್ಲಿ ಬರೆದಿರುವುದಿಲ್ಲ. ಆದರೆ ಇರುವಷ್ಟು ದಿನ ನಮ್ಮ ಕೆಲಸ ನಾವೇ ಮಾಡಿಕೊಳ್ಳುವಂತಿರಬೇಕು. ಊರು ಬಿಟ್ಟು ಬಂದು ಬಾಡಿಗೆ ಕೋಣೆಯಲ್ಲಿರುವ ನಮ್ಮಂಥವರಿಗೆ ಇದು ಇನ್ನೂ ಮುಖ್ಯ. ಬಿದ್ದರೆ ಎಬ್ಬಿಸಲು ಅಣ್ಣತಮ್ಮಂದಿರು ಪಕ್ಕದ ಮನೆಯಲ್ಲಿಲ್ಲ.

ನಮ್ಮ ವಾಚನಾಲಯಕ್ಕೆ ದಿನವೂ ಬರುತ್ತಿದ್ದ ಹಿರಿಯರೊಬ್ಬರು ಕೆಲವು ತಿಂಗಳು ಕಾಣಲಿಲ್ಲ. ಮನೆಗೆ ಹೋಗಿ ವಿಚಾರಿಸಿದೆವು. ಮಂಡಿನೋವಿಗೆ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಹೇಳಿದ್ದರಂತೆ. ಹತ್ತು ದಿನ ಮಾಡಿ, ನೋವು ತುಸು ಇಳಿದೊಡನೆ ಬಿಟ್ಟರು. “ಸವೆದ ಮಂಡಿಯನ್ನು ಇನ್ನೂ ಯಾಕೆ ಸವೆಸಬೇಕಪ್ಪಾ?” ಎಂದು ಕುಳಿತೇಬಿಟ್ಟಿದ್ದರು.

ನಮ್ಮಲ್ಲಿ ಅನೇಕರ ತಪ್ಪು ತಿಳಿವಳಿಕೆಯೇ ಇದು. ಮೂಳೆಗಳ ತುದಿಯಲ್ಲಿರುವ ಮೆತ್ತನೆಯ ಹೊದಿಕೆಗೆ ರಕ್ತನಾಳಗಳಿಲ್ಲ. ಅದಕ್ಕೆ ಆಹಾರ ಸಿಗುವುದು ಕೀಲಿನೊಳಗಿನ ರಸದಿಂದ. ಕೀಲು ಮಡಿಸಿ ಚಾಚಿದಾಗ ಆ ರಸ ಒಳಗೂ ಹೊರಗೂ ಆಡುತ್ತದೆ. ಕುಳಿತೇ ಇದ್ದರೆ ಹೊದಿಕೆ ಸೊರಗುತ್ತದೆ, ತೊಡೆಯ ಸ್ನಾಯು ಕರಗುತ್ತದೆ. ಸ್ನಾಯು ಕರಗಿದರೆ ಭಾರವೆಲ್ಲ ಮಂಡಿಯ ಮೇಲೆಯೇ ಬೀಳುತ್ತದೆ. ಕೂತು ಉಂಡರೆ ಕುಡಿಕೆ ಹೊನ್ನು ಸಾಲದೆಂಬ ಗಾದೆ ಮೈಬಲಕ್ಕೂ ಸಲ್ಲುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಸೂಚನೆಯಂತೆ ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆಯಂಥ ಚಟುವಟಿಕೆ ಬೇಕು. 65 ದಾಟಿದವರು ವಾರಕ್ಕೆ ಮೂರು ದಿನವಾದರೂ ಬಲವನ್ನೂ ಸಮತೋಲವನ್ನೂ ಹೆಚ್ಚಿಸುವ ಸಾಧನೆ ಮಾಡಬೇಕು. ದಿನಕ್ಕೆ ಅರ್ಧ ಗಂಟೆಯಂತೆ ವಾರದಲ್ಲಿ ಐದು ದಿನ ನಡೆದರೆ 150 ನಿಮಿಷವಾಯಿತು. ಇಂದಿರಾ ಪಾರ್ಕೋ ಟ್ಯಾಂಕ್ ಬಂಡೋ ಹತ್ತಿರವಿದ್ದವರಿಗೆ ಅನುಕೂಲ. ಬೇಸಗೆಯಲ್ಲಿ ಮಾತ್ರ ಬಿಸಿಲೇರುವ ಮೊದಲೇ ಮುಗಿಸಬೇಕು.

ಕೋಣೆಯೊಳಗೇ ಮಾಡಬಹುದಾದ ಸಾಧನೆಗಳು ಇವು:

1. ಗೋಡೆಗೆ ಒತ್ತಿಟ್ಟ ಗಟ್ಟಿ ಕುರ್ಚಿಯಿಂದ ಆದಷ್ಟು ಕೈಯೂರದೆ ಎದ್ದು, ನಿಧಾನವಾಗಿ ಕೂರುವುದು. ಎಂಟು ಹತ್ತು ಸಲ.

2. ಕುಳಿತಲ್ಲಿಯೇ ಒಂದು ಕಾಲನ್ನು ನೇರ ಚಾಚಿ, ಐದು ಎಣಿಸಿ ಇಳಿಸುವುದು. ಒಂದೊಂದು ಕಾಲಿಗೆ ಹತ್ತು ಸಲ.

3. ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು. ಇದರಿಂದ ಮೀನಖಂಡ ಬಲಗೊಂಡು, ಕಾಲಿನ ರಕ್ತ ಮೇಲೇರಲು ಸಹಾಯವಾಗುತ್ತದೆ.

4. ಕುರ್ಚಿಯ ಬೆನ್ನು ಹಿಡಿದು ಒಂದೇ ಕಾಲಿನ ಮೇಲೆ ಹತ್ತು ಎಣಿಸುವಷ್ಟು ನಿಲ್ಲುವುದು. ಬೀಳದಿರಲು ಇದು ಅಭ್ಯಾಸ.

ಕುರ್ಚಿ ಹಿಡಿಯಲು ನಾಚಿಕೆ ಬೇಡ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಯೋಗಾಚಾರ್ಯ ಬಿ. ಕೆ. ಎಸ್. ಅಯ್ಯಂಗಾರರು ಬಾಲ್ಯದಲ್ಲಿ ರೋಗಗಳಿಂದ ನರಳಿದವರು. ಅಶಕ್ತರೂ ಆಸನ ಹಾಕಲೆಂದು ಕುರ್ಚಿ, ಹಗ್ಗ, ಮರದ ದಿಮ್ಮಿಗಳನ್ನು ಬಳಸುವ ಕ್ರಮವನ್ನು ಬೆಳೆಸಿದರು. 2014ರಲ್ಲಿ 95ನೆಯ ವಯಸ್ಸಿನಲ್ಲಿ ತೀರಿಕೊಂಡ ಅವರು ಇಳಿವಯಸ್ಸಿನಲ್ಲೂ ಅಭ್ಯಾಸ ಬಿಟ್ಟಿರಲಿಲ್ಲ.

ಎಚ್ಚರಿಕೆಯೂ ಬೇಕು. ಎದೆನೋವು, ತಲೆಸುತ್ತು, ವಿಪರೀತ ಏದುಸಿರು ಬಂದರೆ ಕೂಡಲೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಮಾಡಿದ ನೋವು ಮರುದಿನವೂ ಉಳಿದರೆ ಎಣಿಕೆ ಕಡಿಮೆ ಮಾಡಬೇಕು. ಕೀಲು ಊದಿ ಬಿಸಿಯಾಗಿದ್ದರೆ, ಬಿದ್ದು ಪೆಟ್ಟಾಗಿದ್ದರೆ ಅಥವಾ ಹೃದಯದ ಕಾಯಿಲೆಯಿದ್ದರೆ ವೈದ್ಯರನ್ನು ಕೇಳದೆ ಆರಂಭಿಸಬಾರದು. ಉಸ್ಮಾನಿಯಾ, ಗಾಂಧಿ ಮುಂತಾದ ಸರಕಾರಿ ಆಸ್ಪತ್ರೆಗಳಲ್ಲಿ ಫಿಸಿಯೋಥೆರಪಿ ವಿಭಾಗಗಳಿವೆ. ಅಲ್ಲಿ ಕಲಿಸಿದ್ದನ್ನು ಮನೆಯಲ್ಲಿ ಮುಂದುವರಿಸಿದರೆ ಮಾತ್ರ ಚಿಕಿತ್ಸೆ ಪೂರ್ಣವಾದೀತು.

ಆ ಹಿರಿಯರು ಮತ್ತೆ ಆರಂಭಿಸಿದರು. ಮಂಡಿ ಹೊಸದಾಗಲಿಲ್ಲ, ನೋವೂ ಪೂರ್ತಿ ಹೋಗಿಲ್ಲ. ಆದರೆ ಕಂಬಿ ಹಿಡಿದು ನಮ್ಮ ಮೆಟ್ಟಿಲು ಹತ್ತಿ ಬರುತ್ತಾರೆ, ಪತ್ರಿಕೆಯನ್ನು ಎಲ್ಲರಿಗಿಂತ ಮೊದಲು ಕೇಳುತ್ತಾರೆ. ಗುಮಾಸ್ತೆ ಕೆಲಸದಲ್ಲಿ ದಿನವಿಡೀ ಕುರ್ಚಿಗೆ ಅಂಟಿಕೊಂಡಿರುವ ನಾವು ಅರವತ್ತಾಗುವವರೆಗೆ ಕಾಯಬೇಕಾಗಿಲ್ಲ. ಇದನ್ನು ಓದಿ ಮುಗಿಸಿದ ಬಂಧುಗಳು ಒಮ್ಮೆ ಎದ್ದು ನಿಂತು ಕೂರಲಿ. ಮೊದಲ ಪಾಠ ಅಲ್ಲಿಗಾಯಿತು.