ಪಿಲಾಟೆಸ್ ಬಿಡಬೇಡಿ, ಬಾಯಿ ಬಿಟ್ಟು ಕೇಳಿ

ಪ್ರಶ್ನೆ: ನನಗೆ 56 ವರ್ಷ. ಬ್ಯಾಂಕ್ ಉದ್ಯೋಗಿ, ದಿನವಿಡೀ ಕುರ್ಚಿಯಲ್ಲೇ ಕೆಲಸ. ಸೊಂಟನೋವು ಹಳೆಯದು. ಕಳೆದ ವರ್ಷ ಮೂಳೆ ಸಾಂದ್ರತೆಯ ಪರೀಕ್ಷೆಯಲ್ಲಿ ಬೆನ್ನುಮೂಳೆಯ ಟಿ-ಸ್ಕೋರ್ ಮೈನಸ್ 2.7 ಬಂದು, ಔಷಧಿ ನಡೆಯುತ್ತಿದೆ. ಮಗಳು ಆಸೆಪಟ್ಟು ಮನೆ ಹತ್ತಿರದ ಪಿಲಾಟೆಸ್ ಕ್ಲಾಸಿಗೆ ಮೂರು ತಿಂಗಳ ಫೀಸು ಕಟ್ಟಿದ್ದಾಳೆ. ಕಲಿಸುವ ಹುಡುಗಿ ಚುರುಕು. ಆದರೆ ನನ್ನ ಆರೋಗ್ಯದ ಬಗ್ಗೆ ಒಂದು ಮಾತೂ ಕೇಳಿಲ್ಲ. ಅಂಗಾತ ಮಲಗಿ ತಲೆ, ಭುಜ ಎತ್ತುವ ವ್ಯಾಯಾಮದಲ್ಲಿ ನನಗೆ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಹೇಳಿದರೆ, ‘ಇನ್ನು ಹತ್ತೇ ಆಂಟಿ, ನೋ ಪೇನ್ ನೋ ಗೇನ್’ ಅನ್ನುತ್ತಾಳೆ. ಬಿಟ್ಟರೆ ಮಗಳಿಗೆ ಬೇಸರ, ಮುಂದುವರಿಸಲು ನನಗೆ ಭಯ. ಏನು ಮಾಡಲಿ?
— ಹೆಸರು ಬೇಡ, ಮೈಸೂರು

ಉತ್ತರ: ನಿಮ್ಮ ಭಯಕ್ಕೆ ಕಾರಣವಿದೆ. ತಲೆ ಎತ್ತಿ ಬೆನ್ನನ್ನು ಮುಂದಕ್ಕೆ ಬಾಗಿಸುವ ವ್ಯಾಯಾಮಗಳನ್ನು ಇಂದಿನಿಂದಲೇ ನಿಲ್ಲಿಸಿ. ಹಾಗೆಂದು ಪಿಲಾಟೆಸ್ಸನ್ನೇ ಬಿಡಬೇಕಿಲ್ಲ.

ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಅದು ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಸವೆತ. ಬೆನ್ನು ಮುಂದಕ್ಕೆ ಬಾಗಿದಾಗ ಕಶೇರುಗಳ ಮುಂಭಾಗದ ಮೇಲೆ ಒತ್ತಡ ಹೆಚ್ಚುತ್ತದೆ. ಮೂಳೆ ಟೊಳ್ಳಾಗಿದ್ದರೆ ಅದು ಅಲ್ಲೇ ಕುಸಿಯಬಹುದು. ಆಸ್ಟಿಯೊಪೊರೋಸಿಸ್ ಇರುವ ಮಹಿಳೆಯರ ಬಗ್ಗೆ ಅಮೆರಿಕದ ಮೇಯೊ ಕ್ಲಿನಿಕ್‌ನ ಸಂಶೋಧಕರು 1984ರಲ್ಲೇ ಒಂದು ಅಧ್ಯಯನ ಪ್ರಕಟಿಸಿದ್ದರು. ಬೆನ್ನನ್ನು ಹಿಂದಕ್ಕೆ ಚಾಚುವ ವ್ಯಾಯಾಮ ಮಾಡಿದವರಿಗಿಂತ ಮುಂದಕ್ಕೆ ಬಾಗುವ ವ್ಯಾಯಾಮ ಮಾಡಿದವರಲ್ಲಿ ಹೊಸ ಮೂಳೆಮುರಿತ ಬಹಳ ಹೆಚ್ಚಾಗಿ ಕಂಡುಬಂದಿತ್ತು. ಪಿಲಾಟೆಸ್‌ನ ‘ಹಂಡ್ರೆಡ್’, ‘ರೋಲ್ ಅಪ್’, ಚೆಂಡಿನಂತೆ ಉರುಳುವ ವ್ಯಾಯಾಮ, ಎಲ್ಲವೂ ಬೆನ್ನು ಬಾಗಿಸುವಂಥವೇ.

ಸರಿಯಾಗಿ ತರಬೇತಿ ಪಡೆದವರ ಬೆಲೆ ತಿಳಿಯುವುದು ಇಲ್ಲೇ. ಅವರು ಚಾಪೆ ಹಾಸುವ ಮೊದಲೇ ಪ್ರಶ್ನೆ ಕೇಳುತ್ತಾರೆ: ಆಪರೇಷನ್ ಆಗಿದೆಯೇ, ಬಿದ್ದಿದ್ದೀರಾ, ಬಿ.ಪಿ. ಇದೆಯೇ, ಮೂಳೆಯ ರಿಪೋರ್ಟ್ ಏನು ಹೇಳುತ್ತದೆ. ನಿಮ್ಮ ಉತ್ತರ ಕೇಳಿ ‘ಹಂಡ್ರೆಡ್’ ಅನ್ನು ತಲೆ ನೆಲದ ಮೇಲೇ ಇಟ್ಟು, ಮಂಡಿ ಮಡಚಿ ಮಾಡಿಸುತ್ತಾರೆ: ಐದು ಎಣಿಕೆಗೆ ಉಸಿರು ಒಳಕ್ಕೆ, ಐದಕ್ಕೆ ಹೊರಕ್ಕೆ, ಕೈಗಳನ್ನು ಆಡಿಸುವುದು ಮಾತ್ರ. ಉಸಿರೆಳೆದಾಗ ನಿಮ್ಮ ಭುಜ ಕಿವಿಯತ್ತ ಏರಿದರೆ ತಲೆಯಡಿಗೆ ಮಡಚಿದ ಟವೆಲ್ ಇಡುತ್ತಾರೆ. ಪಕ್ಕಕ್ಕೆ ಮಲಗಿ ಕಾಲೆತ್ತುವುದು, ಬೋರಲು ಮಲಗಿ ಎದೆಯನ್ನು ತುಸುವೇ ಎತ್ತುವುದು, ಗೋಡೆ ಹಿಡಿದು ಒಂಟಿಕಾಲಲ್ಲಿ ನಿಲ್ಲುವುದು, ಇವು ನಿಮಗೆ ಹೆಚ್ಚು ಹೊಂದುತ್ತವೆ. ಸ್ನಾಯು ದಣಿದರೆ ಚಿಂತೆಯಿಲ್ಲ, ಆದರೆ ಕುತ್ತಿಗೆ ಹಿಡಿದುಕೊಂಡರೆ ಅವರು ಅಲ್ಲೇ ನಿಲ್ಲಿಸುತ್ತಾರೆ.

ಆದರೆ ಇಂಥವರನ್ನು ಬೋರ್ಡು ನೋಡಿ ಗುರುತಿಸಲಾಗದು. ಜರ್ಮನಿಯಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ನೆಲೆಸಿದ ಜೋಸೆಫ್ ಪಿಲಾಟೆಸ್ (1883–1967) ಈ ಪದ್ಧತಿಯನ್ನು ರೂಪಿಸಿದರು. ‘ಪಿಲಾಟೆಸ್’ ಯಾರೊಬ್ಬರ ಟ್ರೇಡ್‌ಮಾರ್ಕೂ ಆಗಲಾರದು ಎಂದು 2000ದಲ್ಲಿ ಅಲ್ಲಿನ ನ್ಯಾಯಾಲಯ ತೀರ್ಪಿತ್ತಿತು. ಹಾಗಾಗಿ ವಾರಾಂತ್ಯದ ಕೋರ್ಸು ಮುಗಿಸಿದವರೂ, ಉಪಕರಣಗಳನ್ನೂ ಒಳಗೊಂಡ 450 ಗಂಟೆಗಳ ಆಸುಪಾಸಿನ ಪೂರ್ಣ ತರಬೇತಿ ಪಡೆದವರೂ ಒಂದೇ ಹೆಸರಿನಲ್ಲಿ ಕಲಿಸುತ್ತಾರೆ. ತರಬೇತಿ ಎಲ್ಲಿ, ಎಷ್ಟು ಗಂಟೆ, ಮೂಳೆ ಸವೆತವಿರುವವರಿಗೆ ಕಲಿಸಿದ ಅನುಭವವಿದೆಯೇ, ಇದೆಲ್ಲ ಕೇಳುವುದು ನಿಮ್ಮ ಹಕ್ಕು. ಕಲಿತವರು ಇದಕ್ಕೆ ಮುನಿಸಿಕೊಳ್ಳುವುದಿಲ್ಲ.

ಹೆಚ್ಚು ನಿರೀಕ್ಷೆಯೂ ಬೇಡ. ಸೊಂಟನೋವಿಗೆ ಏನೂ ಮಾಡದೆ ಕೂರುವುದಕ್ಕಿಂತ ಪಿಲಾಟೆಸ್ ವಾಸಿ, ಆದರೆ ಬೇರೆ ವ್ಯಾಯಾಮಗಳಿಗಿಂತ ಮೇಲೆಂಬುದಕ್ಕೆ ಗಟ್ಟಿ ಪುರಾವೆಯಿಲ್ಲ ಎಂಬುದು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2015ರ ಕಾಕ್ರೇನ್ ಪರಾಮರ್ಶೆಯ ಸಾರಾಂಶ. ಒಳ್ಳೆಯ ಶಿಕ್ಷಕಿ ಚಿಕಿತ್ಸೆಯ ಮಾತಾಡದೆ, ಔಷಧಿಯ ವಿಚಾರವನ್ನು ಡಾಕ್ಟರಿಗೆ ಬಿಟ್ಟು, ನಡಿಗೆ ಮತ್ತು ಭಾರ ಎತ್ತುವ ಅಭ್ಯಾಸವೂ ಬೇಕೆನ್ನುತ್ತಾರೆ. ಅದಕ್ಕೆ ನಿಮ್ಮ ಡಾಕ್ಟರ ಅಥವಾ ಫಿಸಿಯೋಥೆರಪಿಸ್ಟರ ಒಪ್ಪಿಗೆಯಿರಲಿ. ಬೆನ್ನಲ್ಲಿ ಹಠಾತ್ತನೆ ತೀವ್ರ ನೋವು, ಕಾಲಲ್ಲಿ ಬಲಹೀನತೆ ಅಥವಾ ಮೂತ್ರ ಹಿಡಿತ ತಪ್ಪುವುದು ಕಂಡರೆ ಕ್ಲಾಸಿಗಲ್ಲ, ನೇರ ಆಸ್ಪತ್ರೆಗೆ ಹೋಗಿ.

ಮುಂದಿನ ಕ್ಲಾಸಿಗೆ ಹತ್ತು ನಿಮಿಷ ಮೊದಲೇ ಹೋಗಿ ರಿಪೋರ್ಟ್ ತೋರಿಸಿ ಹೇಳಿ: ‘ನೋಡಮ್ಮ, ನನ್ನ ಮೂಳೆ ಹೀಗಿದೆ. ಮುಂದಕ್ಕೆ ಬಾಗೋದು ನನಗೆ ಬೇಡ, ಬದಲಿಗೆ ಏನು ಮಾಡಲಿ?’ ಅವಳು ಕುಳಿತು ರಿಪೋರ್ಟ್ ಓದಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳಿ, ತನಗಿಂತ ಅನುಭವಿಗಳನ್ನು ಕೇಳಿ ಬದಲಾಯಿಸಿದರೆ ಉಳಿಯಿರಿ. ‘ಏನಾಗಲ್ಲ ಆಂಟಿ’ ಎಂದರೆ ಉಳಿದ ಫೀಸಿನ ವಿಚಾರ ಮಾತಾಡಿ ಹೊರಬನ್ನಿ. ಮಗಳಿಗೂ ಅದೇ ರಿಪೋರ್ಟ್ ತೋರಿಸಿ. ನಿಮ್ಮ ಬೆನ್ನು ಗಟ್ಟಿಯಾಗಲೆಂದು ದುಡ್ಡು ಕಟ್ಟಿದವಳು, ಬೇರೆ ಶಿಕ್ಷಕಿಯನ್ನು ಹುಡುಕಲು ಮೊದಲು ಹೊರಡುವುದೂ ಅವಳೇ.